ಋಣ ತೀರಿತೆಂಬ ಮಾತು

ಮದುವೆಯೊಂದು ಮುರಿದುಬಿದ್ದಾಗ ನಮ್ಮ ಕಡೆಯ ಜನ ಆಡುವ ಮಾತೊಂದಿದೆ: “ಋಣ ತೀರಿತು.” ಸಾವಿನ ಮನೆಯಲ್ಲಿಯೂ ಇದೇ ಮಾತು, ಸಾಕಿದ ಎತ್ತನ್ನು ಸಂತೆಯಲ್ಲಿ ಮಾರಿ ಬಂದ ದಿನವೂ ಇದೇ ಮಾತು, ಮಾಸ್ತರರಿಗೆ ಬೇರೆ ಊರಿಗೆ ವರ್ಗವಾದಾಗಲೂ ಇದೇ ಮಾತು. ನಾಲ್ಕು ವರ್ಷಗಳ ಹಿಂದೆ, ಹನ್ನೊಂದು ವರ್ಷಗಳ ದಾಂಪತ್ಯವನ್ನು ಪರಸ್ಪರ ಸಮ್ಮತಿಯಿಂದ ಮುಗಿಸಿಕೊಂಡು ಗದಗಿನಿಂದ ಬಸ್ಸು ಹಿಡಿದು ರೋಣಕ್ಕೆ ಮರಳಿದ ಸಂಜೆ, ನೆರೆಮನೆಯ ಹಿರಿಯ ಹೆಂಗಸು ನನ್ನ ಕೈಹಿಡಿದು ಹೇಳಿದ್ದೂ ಅದನ್ನೇ. “ಋಣ ಇಷ್ಟ ಇತ್ತು ಅಂತ ತಿಳಕೋರಿ ಅಕ್ಕಾರ. ತೀರಿತು.” ಆಕೆಯ ದನಿಯಲ್ಲಿ ನಿಜವಾದ ಮರುಕವಿತ್ತು. ನಾನು ತಲೆಯಾಡಿಸಿದೆ. ಆದರೆ ವರ್ಷವೊಂದು ಕಳೆಯುವುದರೊಳಗೆ ನನ್ನ ಸಂಬಳದ ಚೀಟಿ ಬೇರೊಂದು ಮಾತನ್ನು ಹೇಳತೊಡಗಿತು.

ನನ್ನ ಪೂರ್ವಪತಿಯವರು ವ್ಯಾಪಾರವೊಂದನ್ನು ಆರಂಭಿಸುವ ಕಾಲದಲ್ಲಿ ಪತ್ತಿನ ಸಹಕಾರಿ ಸಂಘವೊಂದರಿಂದ ಸಾಲ ಪಡೆದಿದ್ದರು. ತಿಂಗಳ ಸಂಬಳ ಬರುವ ಹೆಂಡತಿಯಿರುವಾಗ ಜಾಮೀನಿಗೆ ಬೇರೆಯವರನ್ನು ಹುಡುಕುವವರು ಯಾರು? ತೋರಿಸಿದ ಕಡೆ ಸಹಿ ಮಾಡಿದೆ. ವಿಚ್ಛೇದನದ ಸಮಯದಲ್ಲಿ ಅವರು ಉಳಿದ ಕಂತುಗಳನ್ನು ತಾವೇ ಕಟ್ಟುವುದಾಗಿ ಮಾತುಕೊಟ್ಟು, ನನಗೆ ನಂಬಿಕೆಯಿರಲೆಂದು ಸಹಿ ಮಾತ್ರ ಮಾಡಿದ ಖಾಲಿ ಚೆಕ್ಕೊಂದನ್ನು ಕೊಟ್ಟರು. ಕೆಲವು ಕಾಲ ಕಟ್ಟಿದರು; ಬಳಿಕ ನಿಲ್ಲಿಸಿದರು. ಸಂಘದವರು ನಿಯಮದಂತೆ ಜಾಮೀನುದಾರಳ ಸಂಬಳಕ್ಕೆ ಕೈಹಾಕಿದರು. ತಿಂಗಳಿಗೆ 4,500 ರೂಪಾಯಿಯಂತೆ ಮೂವತ್ತನಾಲ್ಕು ತಿಂಗಳು ಕಡಿತವಾಗಿ ಸಾಲ ಮುಗಿಯಿತು. ಒಟ್ಟು 1,53,000 ರೂಪಾಯಿ.

ಸಂಘದವರನ್ನು ನಾನು ದೂರಲಾರೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ ನಾಡಿನವರು ನಾವು. ಪತ್ತು ಎಂದರೆ ನಂಬಿಕೆ. ಒಬ್ಬನ ಮಾತಿಗೆ ಇನ್ನೊಬ್ಬನು ಹೆಗಲು ಕೊಡುವನೆಂಬ ನಂಬಿಕೆಯ ಮೇಲೆಯೇ ಆ ಸಂಸ್ಥೆಗಳು ನಿಂತಿವೆ. ಮಾತು ತಪ್ಪಿದವನಿದ್ದರೆ ಹೆಗಲು ಕೊಟ್ಟವನು ಹೊರಲೇಬೇಕು. ನಾನು ಹೊತ್ತೆ.

ಇದಿಷ್ಟು ನನ್ನ ಸ್ವಂತದ ಕಥೆ. ಇಂಥದನ್ನು ಸಾಹಿತ್ಯದ ಪುಟದಲ್ಲಿ ಹೇಳಿಕೊಳ್ಳಲು ಸಂಕೋಚವಿಲ್ಲದಿಲ್ಲ. ಆದರೂ ಹೇಳುತ್ತಿರುವುದಕ್ಕೆ ಕಾರಣವಿದೆ. ಈ ಹಣವನ್ನು ಕೇಳಬೇಕೆಂದು ನಾನು ಮನಸ್ಸು ಮಾಡಿದೊಡನೆ ನನ್ನ ಹಿತೈಷಿಗಳಲ್ಲಿ ಎರಡು ಪಂಗಡಗಳಾದವು. ಒಂದು ಪಂಗಡದವರು, “ಬಿಟ್ಟುಬಿಡಿ ಮೇಡಂ, ರೊಕ್ಕಕ್ಕಿಂತ ನೆಮ್ಮದಿ ದೊಡ್ಡದು; ನಿಮ್ಮಂಥ ಕಲಿತವರು ಕೋರ್ಟು ಹತ್ತುವುದು ಶೋಭಿಸದು” ಎಂದರು. ಮತ್ತೊಂದು ಪಂಗಡದವರು, “ಚೆಕ್ಕು ಕೈಯಲ್ಲಿದೆಯಲ್ಲ! ಐದು ಲಕ್ಷ ಬರೆಯಿರಿ. ಬುದ್ಧಿ ಬರಲಿ” ಎಂದರು. ಮೊದಲಿನವರು ನನ್ನನ್ನು ದೇವತೆಯನ್ನಾಗಿಸಬಯಸಿದರು, ಎರಡನೆಯವರು ಮಾರಿಯನ್ನಾಗಿಸಬಯಸಿದರು. ಕೊಟ್ಟ ಹಣವನ್ನು ಕೊಟ್ಟಷ್ಟೇ ಹಿಂದಕ್ಕೆ ಕೇಳುವ ಸಾಧಾರಣ ಹೆಂಗಸೊಬ್ಬಳಿಗೆ ಈ ಊರಿನಲ್ಲಿ ಸ್ಥಳವೇ ಇದ್ದಂತೆ ಕಾಣಲಿಲ್ಲ.

ಅಡತಿ ಅಂಗಡಿಯ ಯಜಮಾನನು ಬಾಕಿಯವನ ಮನೆಗೆ ಮೂರು ಸಲ ಆಳು ಕಳಿಸಿದರೆ ನಾವು ಅದನ್ನು ವಸೂಲಿ ಎನ್ನುತ್ತೇವೆ. ಅಣ್ಣನು ತಮ್ಮನ ಮೇಲೆ ದಾವೆ ಹೂಡಿದರೆ ವ್ಯವಹಾರ ಎನ್ನುತ್ತೇವೆ. ಮಾಜಿ ಹೆಂಡತಿಯೊಬ್ಬಳು ಒಂದು ಕಾಗದ ಬರೆದರೆ ಮಾತ್ರ ಅದಕ್ಕೆ ನಾವಿಡುವ ಹೆಸರು ಸೇಡು.

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವಳಾದ್ದರಿಂದ ಶಬ್ದಗಳ ಬೆನ್ನು ಹತ್ತುವುದು ನನಗೆ ಅಭ್ಯಾಸ. ‘ತಗಾದೆ’ ಎಂಬ ಶಬ್ದವನ್ನು ನೋಡಿ. ಬರಬೇಕಾದ ಹಣವನ್ನು ಕೊಡೆಂದು ಕೇಳುವುದೇ ಅದರ ಮೂಲಾರ್ಥ. ನಮ್ಮ ಹಳೆಯ ಅಂಗಡಿಕಾರರ ಬಾಯಲ್ಲಿ ಆ ಅರ್ಥ ಇನ್ನೂ ಉಂಟು. ಇಂದಿನ ವೃತ್ತಪತ್ರಿಕೆಗಳಲ್ಲಾದರೋ ತಗಾದೆ ಎಂದರೆ ಜಗಳ. ಕೇಳಿದರೆ ಜಗಳವಾಗದೆ ಇರದೆಂಬ ಅನುಭವವೇ ಅರ್ಥವನ್ನು ಹೀಗೆ ತಿರುಗಿಸಿರಬೇಕು. ಇನ್ನು ‘ಸಾಲಗಾರ’. “ಸಾಲಗಾರ ಸುಮ್ಮನಿದ್ದರೂ ಸಾಕ್ಷಿಗಾರ ಸುಮ್ಮನಿರ” ಎಂಬ ಗಾದೆಯಲ್ಲಿ ಸಾಲಗಾರನೆಂದರೆ ಕೊಟ್ಟವನು. ನಿತ್ಯದ ಮಾತಿನಲ್ಲಿ ತೆಗೆದುಕೊಂಡವನು. ಕೊಟ್ಟವನಿಗೂ ಕೊಡಬೇಕಾದವನಿಗೂ ಕನ್ನಡ ಒಂದೇ ಹೆಸರನ್ನಿಟ್ಟಿದೆ. ತರಗತಿಯಲ್ಲಿ ಇದನ್ನು ಭಾಷಾವೈಚಿತ್ರ್ಯವೆಂದು ಹೇಳಿ ನಗಿಸುತ್ತಿದ್ದೆ. ಮೂವತ್ತನಾಲ್ಕು ತಿಂಗಳ ಅನುಭವದ ಮೇಲೆ ಅದು ಅಷ್ಟು ನಗುವ ವಿಷಯವಾಗಿ ಉಳಿಯಲಿಲ್ಲ. ಪ್ರತಿ ತಿಂಗಳ ಕೊನೆಗೆ ಆ ಮನುಷ್ಯರ ಹೆಸರು ನನ್ನ ಮನೆಯೊಳಕ್ಕೆ ಬರುತ್ತಿತ್ತು. ವಿಚ್ಛೇದನದ ತೀರ್ಪು ಬಿಡಿಸಿದ ಗಂಟನ್ನು ಸಂಬಳದ ಚೀಟಿ ಮತ್ತೆ ಕಟ್ಟುತ್ತಿತ್ತು.

ಈಗ ಆ ಚೆಕ್ಕಿನ ವಿಷಯ. ಅದು ನನ್ನ ಎಂ.ಎ. ಪದವಿಪತ್ರದ ಜೊತೆಯಲ್ಲಿ ತಗಡಿನ ಪೆಟ್ಟಿಗೆಯಲ್ಲಿತ್ತು. ನಮ್ಮ ಊರಿನ ಹಿರಿಯ ವಕೀಲರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, “ತಂಗೀ, ಇದು ಕಾಗದ ಅಲ್ಲ, ಕತ್ತಿ. ಹೆಂಗ ಹಿಡೀತಿ ಅನ್ನೂದರ ಮ್ಯಾಲ ಐತಿ” ಎಂದರು. ಅನಂತರ ಕಾಯಿದೆಯನ್ನು ವಿವರಿಸಿದರು. ಸ್ವಇಚ್ಛೆಯಿಂದ ಸಹಿಮಾಡಿ ಕೊಟ್ಟ ಚೆಕ್ಕಿನಲ್ಲಿ ಅಂಕಿಯನ್ನು ಬೇರೆಯವರು ತುಂಬಿದರೆಂಬ ಮಾತ್ರಕ್ಕೆ ಅದು ಅಸಿಂಧುವಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಮೂವತ್ತು ದಿನಗಳೊಳಗೆ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ ಹದಿನೈದು ದಿನಗಳೊಳಗೆ ಹಣ ಬಾರದಿದ್ದರೆ ಫಿರ್ಯಾದು. ಶಿಕ್ಷೆ ಎರಡು ವರ್ಷಗಳ ತನಕ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಇಮ್ಮಡಿಯವರೆಗೆ ದಂಡ, ಅಥವಾ ಎರಡೂ. “ಇನ್ನೊಂದು ಮಾತು,” ಎಂದರು ವಕೀಲರು. “ಜಾಮೀನುದಾರ ಕೊಟ್ಟ ರೊಕ್ಕಕ್ಕ ಕೊಟ್ಟ ದಿನದಿಂದ ಮೂರು ವರ್ಷ ಮುದ್ದತ್ತು. ನಿನ್ನ ಮೊದಲನೇ ಕಂತಿಗೆ ಇನ್ನ ಎರಡು ತಿಂಗಳು ಆಯುಷ್ಯ ಐತಿ. ಆಮ್ಯಾಲ ತಿಂಗಳಿಗೊಂದು ಸಾಯ್ತಾವ.”

ಆ ರಾತ್ರಿ ಚೆಕ್ಕನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಉತ್ತರಪತ್ರಿಕೆಗಳ ಹಿಂಬದಿಯ ಖಾಲಿ ಹಾಳೆಯ ಮೇಲೆ ಲೆಕ್ಕ ಬರೆಯತೊಡಗಿದೆ. 1,53,000ಕ್ಕೆ ಬಡ್ಡಿ. ನ್ಯಾಯವೇ ತಾನೇ? ಅದರ ಕೆಳಗೆ, ಹಣ ಕಡಿತವಾದ ತಿಂಗಳುಗಳಲ್ಲಿ ನಾನು ಗೆಳತಿಯರಿಂದ ಪಡೆದ ಕೈಗಡ, ಅದರ ಮುಜುಗರ. ಅದರ ಕೆಳಗೆ, ಅವರ ವ್ಯಾಪಾರದ ಓಡಾಟದಲ್ಲಿ ನಾನು ಕೈಬಿಟ್ಟ ಸಂಶೋಧನ ಪ್ರಬಂಧ. ಹನ್ನೊಂದು ವರ್ಷಗಳ ಅಡಿಗೆ, ದಿನಕ್ಕೆ ಇಷ್ಟೆಂದು. ನನ್ನ ತಂದೆ ತೀರಿಕೊಂಡ ರಾತ್ರಿ ಅವರು ಬಾರದೆ ಇದ್ದುದಕ್ಕೆ ಎಷ್ಟು? ಅಲ್ಲಿ ಲೇಖನಿ ನಿಂತಿತು. ನಿಂತದ್ದು ಧರ್ಮಬುದ್ಧಿಯಿಂದಲ್ಲ; ಯಾವ ಅಂಕಿಯೂ ಸಾಲದೆ ಇದ್ದುದರಿಂದ. ಮೊದಲ ರಾತ್ರಿಯ ಮೊತ್ತ ಎರಡೂವರೆ ಲಕ್ಷವಾಯಿತು. ಎರಡನೆಯ ರಾತ್ರಿ ನಾಲ್ಕಾಯಿತು. ಮೂರನೆಯ ರಾತ್ರಿ, ಅವರು ಹೊಸ ಮನೆ ಕಟ್ಟಿಸಿದ್ದಾರೆಂದು ಯಾರೋ ಹೇಳಿದ ಮೇಲೆ, ಏಳು. ಬೆಳಗಾದ ಮೇಲೆ ನೋಡಿದರೆ ಹಾಳೆಯ ಮೇಲ್ತುದಿಯ 1,53,000 ಮಾತ್ರ ಮೂರು ರಾತ್ರಿಯೂ ಅಲುಗದೆ ಹಾಗೆಯೇ ಇತ್ತು. ಸಂಘದ ಗುಮಾಸ್ತನು ಮುದ್ರೆಯೊತ್ತಿ ಕೊಟ್ಟ ಅಂಕಿ ಅದು. ಉಳಿದವುಗಳಿಗೆ ನಾನೇ ಗುಮಾಸ್ತೆ, ನಾನೇ ಮುದ್ರೆ.

ಲೇಣಿದಾರನ ಕೋಪ ಅಂಕಿಗಳಲ್ಲಿ ಸೇರಿಕೊಳ್ಳುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿರದ ವಿಷಯವಲ್ಲ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂಬ ದಾಮ್‌ದುಪ್ಪಟ್ಟಿನ ನಿಯಮ ಸ್ಮೃತಿಗಳಿಂದ ಬಂದದ್ದು. ರೋಣವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ನ್ಯಾಯಾಲಯಗಳು ಅದನ್ನು ಹಿಂದೂ ಸಾಲಗಾರರಿಗೆ ಅನ್ವಯಿಸುತ್ತಿದ್ದವು. ಮನುಸ್ಮೃತಿಯ ಎಂಟನೆಯ ಅಧ್ಯಾಯ ಸಾಲ ವಸೂಲಿಗೆ ಐದು ಮಾರ್ಗಗಳನ್ನು ಎಣಿಸುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಒಳ್ಳೆಯ ಮಾತಿನಿಂದ ಆರಂಭವಾಗಿ ದಾವೆ, ಉಪಾಯಗಳನ್ನು ದಾಟಿ ಕೊನೆಗೆ ತೋಳ್ಬಲಕ್ಕೆ ಬರುವ ಈ ಮೆಟ್ಟಿಲುಗಳಲ್ಲಿ ನಾಲ್ಕನೆಯದು ವಿಚಿತ್ರವಾದದ್ದು. ಬಾಕಿದಾರನ ಬಾಗಿಲಲ್ಲಿ ಧರಣಿ ಕೂರುವುದನ್ನು ಅದರಲ್ಲಿ ಸೇರಿಸುತ್ತಾರೆ. ಕುಳಿತವನಿಗೂ ಅನ್ನವಿಲ್ಲ, ಒಳಗಿದ್ದವನಿಗೂ ನೆಮ್ಮದಿಯಿಲ್ಲ. ಈ ರೂಢಿ ಎಷ್ಟು ಬಲವಾಗಿತ್ತೆಂದರೆ, 1860ರ ದಂಡಸಂಹಿತೆಯ 508ನೆಯ ಕಲಮು ದೈವಕೋಪದ ಹೆದರಿಕೆ ಹುಟ್ಟಿಸುವ ಅಪರಾಧಕ್ಕೆ ಧರಣಿ ಕೂರುವುದನ್ನೇ ಉದಾಹರಣೆಯಾಗಿ ಕೊಟ್ಟಿತು. ಮೂರು ರಾತ್ರಿ ಚೆಕ್ಕಿನ ಮುಂದೆ ಕುಳಿತ ನಾನು ಮಾಡಿದ್ದೂ ಧರಣಿಯೇ. ನನ್ನದೇ ಮನೆಯ ಬಾಗಿಲಲ್ಲಿ ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ಬಿಟ್ಟುಬಿಡುವುದೇ ಲೇಸಲ್ಲವೇ ಎಂದು ಮೊದಲ ಪಂಗಡದವರು ಕೇಳಿಯಾರು. ಅಲ್ಲವೆಂಬುದೇ ನನ್ನ ಖಚಿತವಾದ ಅಭಿಪ್ರಾಯ. ಹೆಂಗಸಿನ ಹಣದ ವಿಷಯದಲ್ಲಿ ಔದಾರ್ಯವನ್ನು ಉಪದೇಶಿಸುವುದು ನಮ್ಮಲ್ಲಿ ಬಹಳ ಸುಲಭ, ಏಕೆಂದರೆ ಅದಕ್ಕೆ ಉಪದೇಶಿಸುವವರ ಗಂಟೇನೂ ಕರಗುವುದಿಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಯ ಮೇಲೆ. ಆ ಸ್ಮೃತಿಯಲ್ಲಿ ಗಂಡನು ಹೆಂಡತಿಯ ಸ್ತ್ರೀಧನವನ್ನು ತೆಗೆದುಕೊಂಡು ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳನ್ನು ಹೆಸರಿಸಿದೆ: ಬರಗಾಲ, ಧರ್ಮಕಾರ್ಯ, ರೋಗ, ಸೆರೆ. ನಾಲ್ಕೇ. ವ್ಯಾಪಾರವೆಂಬುದು ಆ ಪಟ್ಟಿಯಲ್ಲಿಲ್ಲ. ಒಂದು ಸಾವಿರ ವರ್ಷಗಳಿಗೂ ಹಿಂದಿನ ಶಾಸ್ತ್ರವೇ ಇಷ್ಟು ಬಿಗಿಯಾಗಿ ಲೆಕ್ಕ ಕೇಳುವಾಗ ನಮ್ಮ ನೆರೆಹೊರೆ ಏಕೆ ಇಷ್ಟು ಉದಾರವಾಗಬೇಕು? ಈಚೆಗೆ, 2024ರ ಏಪ್ರಿಲ್‌ನಲ್ಲಿ, ಕೇರಳದ ದಂಪತಿಗಳ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು. ಕಷ್ಟಕಾಲದಲ್ಲಿ ಗಂಡನು ಬಳಸಿಕೊಂಡರೂ ಅದನ್ನು ಮರಳಿಸುವ ನೈತಿಕ ಹೊಣೆ ಅವನದೆಂದು ಹೇಳಿ, ಹೋದ ಬಂಗಾರಕ್ಕೆ ಬದಲಾಗಿ 25 ಲಕ್ಷ ರೂಪಾಯಿಗಳನ್ನು ಕೊಡಿಸಿತು.

ನನ್ನದು ಸ್ತ್ರೀಧನದ ಮಾತಲ್ಲ, ಜಾಮೀನಿನ ಮಾತು. ಆದರೆ ಪ್ರತಿ ವರ್ಷ ನನ್ನ ತರಗತಿಯಲ್ಲಿ ಮದುವೆಯಾದ ಹುಡುಗಿಯರು ಕೆಲವರಿರುತ್ತಾರೆ. ಶ್ರಾವಣದಲ್ಲಿ ಕೈಯಲ್ಲಿದ್ದ ಬಳೆ ದೀಪಾವಳಿಗೆ ಇರುವುದಿಲ್ಲ, ಒತ್ತೆಗೆ ಹೋಗಿರುತ್ತದೆ. ಕೇಳಿದರೆ, “ಅವರು ಬಿಡಿಸಿ ಕೊಡ್ತಾರ್ರೀ” ಎಂದು ನಗುತ್ತಾರೆ. ಚೀಟಿ ಯಾರ ಹೆಸರಿನಲ್ಲಿದೆಯೆಂದು ಕೇಳಿದರೆ ನಗು ನಿಲ್ಲುತ್ತದೆ. ಅವರ ಎದುರಿನಲ್ಲಿ ನಿಂತು ಪಾಠ ಹೇಳುವವಳು ತನ್ನ 1,53,000ವನ್ನು ದೊಡ್ಡ ಮನಸ್ಸಿನ ಹೆಸರಿನಲ್ಲಿ ನೀರಿಗೆ ಬಿಟ್ಟರೆ, ಅದು ಅವಳೊಬ್ಬಳ ದಾನವಾಗಿ ಉಳಿಯುವುದಿಲ್ಲ. ನಾಳೆ ಆ ಹುಡುಗಿಯರಿಗೆ, “ನಿಮ್ಮ ಮೇಡಂ ಬಿಡಲಿಲ್ಲವೇ?” ಎಂದು ಹೇಳಲು ಒಂದು ಮಾತಾಗುತ್ತದೆ.

ಸೇಡಿನ ಪಾಠವನ್ನೂ ನಾನು ಹೇಳುವುದುಂಟು. ಮುಧೋಳದ ರನ್ನನ ಗದಾಯುದ್ಧವನ್ನು ಕಲಿಸಿದ ಯಾವ ಅಧ್ಯಾಪಕರಿಗೂ ಈ ಅನುಭವವಾಗಿರಬೇಕು. ಕಾವ್ಯದ ನಾಯಕ ಭೀಮ. ಅವನ ಪ್ರತಿಜ್ಞೆ ನ್ಯಾಯವಾದದ್ದು. ಅವನಿಗಾದ ಅನ್ಯಾಯ ಕಣ್ಣಿಗೆ ಕಾಣುವಂಥದು. ಆದರೂ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗರೂ ಸೇರಿ ಇಡೀ ತರಗತಿ ದುರ್ಯೋಧನನ ಕಡೆಗೆ ಹೋಗಿರುತ್ತದೆ. ಲೆಕ್ಕ ಚುಕ್ತಾ ಆದರೂ ಕಣ್ಣೀರು ಬಾಕಿದಾರನ ಪಾಲಿಗೆ. ಇದರಲ್ಲಿ ರನ್ನನ ಪ್ರತಿಭೆಯಿದೆ, ನಿಜ. ಜನರ ಸ್ವಭಾವವೂ ಇದೆ. ಐದು ಲಕ್ಷ ಬರೆದಿದ್ದರೆ ಆರು ತಿಂಗಳಲ್ಲಿ ರೋಣದ ಅರ್ಧ ಊರು ನನ್ನ ಪೂರ್ವಪತಿಯವರಿಗಾಗಿ ಮರುಗುತ್ತಿತ್ತು, ಮತ್ತು ಅದು ತಪ್ಪಾಗುತ್ತಿರಲಿಲ್ಲ.

ಆಗ ನನಗೆ ನೆನಪಾದವಳು ಸಭೆಯ ದ್ರೌಪದಿ. ಬಿಚ್ಚಿದ ಮುಡಿಯ ದ್ರೌಪದಿಯಲ್ಲ, ಅದಕ್ಕೂ ಮುಂಚೆ ಪ್ರಶ್ನೆ ಕೇಳಿದ ದ್ರೌಪದಿ. ಧರ್ಮರಾಯನು ಮೊದಲು ತನ್ನನ್ನು ಸೋತನೇ, ನನ್ನನ್ನು ಸೋತನೇ ಎಂಬ ಅವಳ ಪ್ರಶ್ನೆ ಅಪ್ಪಟ ವ್ಯವಹಾರದ ಪ್ರಶ್ನೆ: ತನ್ನನ್ನೇ ಕಳೆದುಕೊಂಡವನಿಗೆ ನನ್ನನ್ನು ಪಣವಿಡುವ ಅಧಿಕಾರವೆಲ್ಲಿಯದು? ಭೀಷ್ಮನಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಧೃತರಾಷ್ಟ್ರನು ಹೆದರಿ ವರ ಕೇಳೆಂದಾಗ, ವ್ಯಾಸಭಾರತದಲ್ಲಿ ಅವಳು ಕೇಳಿದ್ದು ಎರಡೇ. ಧರ್ಮರಾಯನ ಬಿಡುಗಡೆ, ಉಳಿದ ನಾಲ್ವರ ಬಿಡುಗಡೆ, ಅವರ ರಥ ಬಿಲ್ಲುಗಳೊಡನೆ. ಮೂರನೆಯದನ್ನು ಕೊಡುವೆನೆಂದರೂ ಬೇಡವೆಂದಳು. ಆ ಗಳಿಗೆಯಲ್ಲಿ ಅವಳು ದುಶ್ಶಾಸನನ ಕೈಯನ್ನೇ ಕೇಳಬಹುದಿತ್ತು. ಹೋದದ್ದನ್ನು ಮಾತ್ರ ಕೇಳಿದಳು; ಆದರೆ ಹೋದದ್ದರಲ್ಲಿ ಒಂದು ಬಿಲ್ಲನ್ನೂ ಬಿಡಲಿಲ್ಲ. ಮುಂದೆ ಹದಿಮೂರು ವರ್ಷ ಸೇಡನ್ನು ಕಾಪಿಟ್ಟವಳೂ ಅವಳೇ ಎಂಬುದನ್ನು ಮರೆತಿಲ್ಲ. ಒಬ್ಬಳೇ ಹೆಂಗಸಿನಲ್ಲಿ ಎರಡೂ ಇದ್ದವು. ನನ್ನಲ್ಲಿಯೂ ಇವೆ.

ವಕೀಲರ ಬಳಿಗೆ ಮತ್ತೆ ಹೋದಾಗ ಅವರು 1872ರ ಕರಾರು ಕಾಯಿದೆಯ ಹಳೆಯ ಪ್ರತಿಯನ್ನು ತೆರೆದು 145ನೆಯ ಕಲಮನ್ನು ತೋರಿಸಿದರು. ಜಾಮೀನುದಾರನು ನ್ಯಾಯವಾಗಿ ಕೊಟ್ಟಷ್ಟನ್ನು ಸಾಲ ಪಡೆದವನಿಂದ ವಸೂಲು ಮಾಡಬಹುದು, ಅನ್ಯಾಯವಾಗಿ ಕೊಟ್ಟದ್ದನ್ನಲ್ಲ. ನನ್ನ ಮೂರು ರಾತ್ರಿಗಳ ಗಣಿತಕ್ಕೆ ಉತ್ತರ ಅಲ್ಲಿ ಅಚ್ಚಾಗಿತ್ತು. ಹನ್ನೊಂದು ವರ್ಷಗಳಲ್ಲಿ ನಾನು ಕೊಟ್ಟ ಉಳಿದದ್ದೆಲ್ಲ ಜಾಮೀನಾಗಿ ಕೊಟ್ಟದ್ದಲ್ಲ. ಆ ಕಾಲಕ್ಕೆ ಪ್ರೀತಿಯಿಂದಲೋ ಅಭ್ಯಾಸದಿಂದಲೋ ಕೊಟ್ಟದ್ದು. ಇನ್ನೂ ಒಂದು ಸಂಗತಿಯನ್ನು ಹೇಳಿ ಅವರು ನನ್ನನ್ನು ಬೆಚ್ಚಿಸಿದರು. ಸಾಲದ ಒಂದು ಭಾಗ ತೀರಿದ ಮೇಲೂ ಅದನ್ನು ನಮೂದಿಸದೆ ಪೂರ್ತಿ ಮೊತ್ತಕ್ಕೆ ಚೆಕ್ಕನ್ನು ಬ್ಯಾಂಕಿಗೆ ಹಾಕಿದರೆ, ಅದು ಮರಳಿದರೂ ಅಪರಾಧವಾಗದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಮಾನಿಸಿದೆ. ಇರುವ ಸಾಲಕ್ಕಿಂತ ಚೆಕ್ಕಿನ ಅಂಕಿ ದೊಡ್ಡದಾದರೆ ಫಿರ್ಯಾದಿಯ ಕಾಲ ಕೆಳಗಿನ ನೆಲವೇ ಜಾರುತ್ತದೆ. “ಐದು ಲಕ್ಷ ಬರದಿದ್ದರ ಇದ್ದ ದಾರಿನೂ ಕೆಡತಿತ್ತು ನೋಡವಾ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮೊದಲು ಕಾಗದ ಬರೆಯುವುದೆಂದು ನಿರ್ಧರಿಸಿದೆವು. ಸಂಘದವರು ಕೊಟ್ಟ ಮೂವತ್ತನಾಲ್ಕು ಕಂತುಗಳ ಪಟ್ಟಿ, ಕೆಳಗೆ ಮೊತ್ತ, ಒಂದು ವಾಕ್ಯ. ಬಡ್ಡಿ ಕೇಳುವ ಹಕ್ಕಿದೆಯೆಂದು ವಕೀಲರು ಹೇಳಿದರು, ಬೇಡವೆಂದೆ. ಅದು ತ್ಯಾಗವಲ್ಲ. ಬಡ್ಡಿಯ ಸಾಲಿನಿಂದಲೇ ನನ್ನ ರಾತ್ರಿಯ ಹಾಳೆ ಜಾರತೊಡಗಿತ್ತೆಂಬುದು ನನಗೆ ನೆನಪಿತ್ತು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅವರ ಹೊಸ ಮನೆಯ ಗೃಹಪ್ರವೇಶದ ದಿನ ನನಗೆ ಗೊತ್ತಿತ್ತು. ರಿಜಿಸ್ಟರ್ಡ್ ಕಾಗದ ರೋಣದಿಂದ ಅವರ ಊರಿಗೆ ಎಷ್ಟು ದಿನಕ್ಕೆ ಮುಟ್ಟುವುದೆಂದು ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. ಎರಡು ದಿನವೆಂದರು. ಗೃಹಪ್ರವೇಶಕ್ಕೆ ಸರಿಯಾಗಿ ಎರಡು ದಿನ ಮುಂಚೆ ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಕಾಗದದ ಅಂಕಿ ನ್ಯಾಯವಾದದ್ದು, ಆದರೆ ತಾರೀಖು? ಬಂಧುಗಳು ಊಟಕ್ಕೆ ಕುಳಿತ ಪಂಕ್ತಿಯ ನಡುವೆ ಅಂಚೆಯವನು ಬಂದು ಸಹಿ ಕೇಳುವ ಚಿತ್ರವನ್ನು ನಾನು ಅಂದು ಬೆಳಗಿನಿಂದ ಸವಿಯುತ್ತಿದ್ದೆ. ಹಾಕಲಿಲ್ಲ. ಹಾಕದಿರುವುದಕ್ಕೆ ಕಾರಣ ವಿವೇಕವಲ್ಲ, ನನ್ನ ಅತ್ತೆ. ಆ ಪಂಕ್ತಿಯಲ್ಲಿ ಅವರೂ ಇರುತ್ತಿದ್ದರು. ಹನ್ನೊಂದು ವರ್ಷ ಆಕೆಯ ಕೈಯ ಬಿಸಿ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಉಂಡು ಪಾಠಕ್ಕೆ ಹೋದವಳು ನಾನು. ಪರೀಕ್ಷೆಯ ಕೆಲಸದ ದಿನಗಳಲ್ಲಿ ನನ್ನ ಪಾತ್ರೆಯನ್ನೂ ಅವರೇ ತೊಳೆದಿಟ್ಟಿದ್ದಾರೆ. ಊರವರು ತೀರಿತೆನ್ನುವ ಋಣದಲ್ಲಿ ಇದು ಯಾವ ಬದಿಗೆ ಬರೆಯುವ ಬಾಬತ್ತೆಂದು ಯಾವ ವಕೀಲರೂ ಹೇಳಲಾರರು. ಕಾಗದವನ್ನು ಮರುವಾರ ಹಾಕಿದೆ. ಮೊದಲನೆಯ ಕಂತಿನ ಆಯುಷ್ಯ ಮುಗಿಯಲು ಆಗ ಇನ್ನೂ ಒಂದು ತಿಂಗಳಿನಷ್ಟು ಅವಕಾಶವಿತ್ತು.

ಉತ್ತರ ಬಂತು. ಕ್ಷಮೆಯಿರಲಿಲ್ಲ, ಜಗಳವೂ ಇರಲಿಲ್ಲ. ಬಾಕಿಯನ್ನು ಒಪ್ಪಿ, ತಿಂಗಳಿಗೆ 9,000 ರೂಪಾಯಿಯಂತೆ ಹದಿನೇಳು ತಿಂಗಳಲ್ಲಿ ಕೊಡುವುದಾಗಿ ಬರೆದಿದ್ದರು. ವಕೀಲರು ಮೊದಲು ನೋಡಿದ್ದು ಸಹಿಯನ್ನೂ ತಾರೀಖನ್ನೂ. ಮುದ್ದತ್ತಿನೊಳಗೆ ಬರೆದು ಸಹಿ ಮಾಡಿದ ಒಪ್ಪಿಗೆಯಿಂದ ಮೂರು ವರ್ಷಗಳ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ನಾನು ಮೊದಲು ನೋಡಿದ್ದು ಕೈಬರಹವನ್ನು. ‘ಳ’ಕಾರವನ್ನು ಅವರು ಈಗಲೂ ತಪ್ಪಾಗಿಯೇ ಬರೆಯುತ್ತಾರೆ.

ಕೊನೆಯ ಕಂತು ಮುಟ್ಟಿದ ದಿನ ಚೆಕ್ಕನ್ನು ಹರಿದುಹಾಕುವುದಾಗಿ ನಾನೂ ಬರೆದುಕೊಟ್ಟಿದ್ದೇನೆ. ಎರಡು ಕಂತುಗಳು ಬಂದಿವೆ. ಬಾಕಿ 1,35,000.